ಹೊಸ ಭಾಗ ಹಾಕಿದ ಮೇಲೆ ಕಂಪ್ಯೂಟರ್ ಏಳದಿದ್ದರೆ...

‘ನಿನ್ನೆಯವರೆಗೂ ಚೆನ್ನಾಗಿಯೇ ಇತ್ತು. ಇವನು ಬಿಚ್ಚಿ ಅದೇನೋ ಹಾಕಿದ, ಅವತ್ತಿನಿಂದ ಏಳುತ್ತಿಲ್ಲ’ ಎಂಬ ದೂರು ಈಚಿನ ದಿನಗಳಲ್ಲಿ ಹಳ್ಳಿಯ ಮನೆಗಳಲ್ಲೂ ಕೇಳಿಬರುತ್ತಿದೆ. ದೂರು ಹೇಳುವವರು ಅಪ್ಪ ಅಥವಾ ಅಮ್ಮ. ತಲೆ ತಗ್ಗಿಸಿ ನಿಂತಿರುವುದು ಪ್ರೌಢಶಾಲೆಯ ಅಥವಾ ಪಿಯುಸಿಯ ಹುಡುಗ, ಹುಡುಗಿ. ಮೇಜಿನ ಮೇಲೆ ಬಾಯಿ ತೆರೆದುಕೊಂಡಿರುವ ಕ್ಯಾಬಿನೆಟ್ಟು, ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್, ತಟ್ಟೆಯಲ್ಲಿ ನಾಲ್ಕಾರು ತಿರುಪುಗಳು.

ಅಕ್ಕಮಹಾದೇವಿಯ ಹುಟ್ಟೂರೆಂದು ನಾಡಿಗೆಲ್ಲ ಗೊತ್ತಿರುವ ಉಡುತಡಿಯಲ್ಲಾಗಲಿ, ಅದರ ಸುತ್ತಲಿನ ಶಿರಾಳಕೊಪ್ಪ, ಬಳ್ಳಿಗಾವಿ, ತಾಳಗುಂದ ಕಡೆಯ ಹಳ್ಳಿಗಳಲ್ಲಾಗಲಿ ಮನೆಯಲ್ಲಿ ಕಂಪ್ಯೂಟರ್ ಇರುವುದು ಈಗ ಹುಬ್ಬೇರಿಸುವ ಸಂಗತಿಯಲ್ಲ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ ಪಾಠಗಳು ಪರದೆಯ ಮೇಲೆ ಬಂದಾಗ, ಹೊಸದನ್ನು ಕೊಳ್ಳಲಾಗದ ಅನೇಕರು ಯಾವುದೋ ಕಚೇರಿಯಿಂದ ಹೊರಬಿದ್ದ ಹಳೆಯ ಯಂತ್ರಗಳನ್ನು ಕೊಂಡು ತಂದರು. ಅವುಗಳಿಗೆ ಈಗ ವಯಸ್ಸಾಗಿದೆ. ಜೊತೆಗೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೊಸ ಕಂಪ್ಯೂಟರಿಗೆ ಹತ್ತಾರು ಸಾವಿರ ಸುರಿಯುವ ಬದಲು ಸ್ವಲ್ಪ ರ‍್ಯಾಮ್ ಹೆಚ್ಚಿಸಿ, ಹಳೆಯ ಹಾರ್ಡ್ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ ಹಾಕಿ ಇನ್ನೆರಡು ವರ್ಷ ದೂಡೋಣ ಎಂದು ಯೋಚಿಸುವುದು ಜಾಣತನವೇ. ಆದರೆ ಭಾಗ ಹಾಕಿ ಗುಂಡಿ ಒತ್ತಿದಾಗ ಯಂತ್ರ ಏಳದೇ ಹೋದರೆ?

ಇಂಥ ಪ್ರಸಂಗಗಳಲ್ಲಿ ಹೆಚ್ಚಿನವು ರಿಪೇರಿ ಎಂಬ ದೊಡ್ಡ ಮಾತಿಗೆ ಅರ್ಹವಾದವುಗಳೇ ಅಲ್ಲ. ಒಂದು ಕೇಬಲ್ ಸಡಿಲ, ಒಂದು ಹಲ್ಲೆ ಸರಿಯಾಗಿ ಕೂತಿಲ್ಲ, ಒಂದು ತಂತಿಯನ್ನು ಮರಳಿ ಹಾಕಲು ಮರೆತಿದೆ - ಇಷ್ಟೇ ಆಗಿರುವುದು ಸಾಮಾನ್ಯ. ಇದನ್ನು ಕಂಡುಹಿಡಿಯಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ತಾಳ್ಮೆ ಬೇಕು, ಕ್ರಮ ಬೇಕು, ಬರೆದುಕೊಳ್ಳಲು ಒಂದು ಹಾಳೆ ಬೇಕು.

ಮೊದಲು ಕೈ ತೆಗೆಯಿರಿ

ಯಂತ್ರ ಏಳದಿದ್ದಾಗ ಎಲ್ಲರೂ ಮಾಡುವ ಮೊದಲ ಕೆಲಸವೆಂದರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು. ಎರಡನೆಯದು, ಸಿಕ್ಕಿದ ತಂತಿಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚುವುದು. ಎರಡೂ ಬೇಡ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನು ಹೊರಕ್ಕೆ ಎಳೆಯಿರಿ. ಯುಪಿಎಸ್ ಇದ್ದರೆ ಅದರಿಂದಲೂ ಬಿಡಿಸಿ. ಆಮೇಲೆ ಕಂಪ್ಯೂಟರಿನ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಮದರ್‌ಬೋರ್ಡಿನಲ್ಲಿ ಉಳಿದಿರುವ ಅಲ್ಪಸ್ವಲ್ಪ ವಿದ್ಯುತ್ತೂ ಇಳಿದುಹೋಗುತ್ತದೆ. ಮುಂದಿನ ಪ್ರತಿ ಪರೀಕ್ಷೆಯಲ್ಲೂ ಒಳಗೆ ಕೈ ಹಾಕುವ ಮುನ್ನ ಇದನ್ನು ತಪ್ಪದೆ ಮಾಡಬೇಕು.

ಈಗ ಹಾಳೆಯ ಮೇಲೆ ಒಂದು ಪ್ರಶ್ನೆ ಬರೆಯಿರಿ: ಯಂತ್ರ ಸರಿಯಾಗಿದ್ದ ಕೊನೆಯ ಗಳಿಗೆಗೂ ಈಗಿಗೂ ನಡುವೆ ಏನೇನು ಬದಲಾಗಿದೆ? ‘ರ‍್ಯಾಮ್ ಹಾಕಿದೆ’ ಎಂಬುದು ಅರ್ಧ ಉತ್ತರ. ರ‍್ಯಾಮ್ ಹಾಕಲು ಅಡ್ಡ ಬಂದ ಕೇಬಲನ್ನು ಸರಿಸಿದಿರಾ? ಕ್ಯಾಬಿನೆಟ್ಟನ್ನು ಮಲಗಿಸಿದಿರಾ? ಬ್ರಷ್ಷಿನಿಂದ ಧೂಳು ಒರೆಸಿದಿರಾ? ಬೇರೆ ಕೋಣೆಗೆ ಒಯ್ದಿರಾ? ಅಪರಾಧಿ ಹೊಸ ಭಾಗವೇ ಆಗಬೇಕೆಂದಿಲ್ಲ. ಅದನ್ನು ಕೂರಿಸುವಾಗ ಮೊಣಕೈ ತಗುಲಿದ ಹಳೆಯ ತಂತಿಯೂ ಆಗಿರಬಹುದು.

ನಂತರ ಹೊಸ ಭಾಗವನ್ನು ತೆಗೆದು, ಯಂತ್ರವನ್ನು ಮೊದಲಿದ್ದ ಸ್ಥಿತಿಗೇ ತಂದು ಒಮ್ಮೆ ಚಾಲೂ ಮಾಡಿ ನೋಡಿ. ಎದ್ದರೆ ಅರ್ಧ ಗೆದ್ದಂತೆ. ದೋಷ ಹೊಸ ಭಾಗದಲ್ಲಿದೆ, ಇಲ್ಲವೇ ಅದನ್ನು ಹಾಕಿದ ರೀತಿಯಲ್ಲಿದೆ. ಏಳದಿದ್ದರೆ ಕೈ ತಾಗಿದ ಬೇರೆ ಯಾವುದೋ ಸಂಪರ್ಕ ತಪ್ಪಿದೆ.

ಗುಂಡಿ ಒತ್ತಿದಾಗ ಒಳಗೇನಾಗುತ್ತದೆ?

ದೋಷ ಹುಡುಕಲು ಯಂತ್ರ ಏಳುವ ಕ್ರಮ ತಿಳಿದಿರಬೇಕು. ಅದೊಂದು ಸರಪಳಿ. ಯಾವ ಕೊಂಡಿಯವರೆಗೆ ಕೆಲಸ ನಡೆಯಿತು ಎಂದು ಗೊತ್ತಾದರೆ ಮುಂದಿನ ಕೊಂಡಿಯನ್ನು ನೋಡಿದರೆ ಸಾಕು.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್. ಕಂಪ್ಯೂಟರಿನ ಒಳಭಾಗಗಳಿಗೆ ಬೇಕಾದದ್ದು 12, 5 ಮತ್ತು 3.3 ವೋಲ್ಟಿನ ಏಕಮುಖ ವಿದ್ಯುತ್. ಇದನ್ನು ಒದಗಿಸುವ ಲೋಹದ ಪೆಟ್ಟಿಗೆಯೇ ಎಸ್‌ಎಂಪಿಎಸ್. ಪ್ಲಗ್ ಚುಚ್ಚಿ ಸ್ವಿಚ್ ಹಾಕಿದ ಕ್ಷಣದಿಂದಲೇ ಅದು 5 ವೋಲ್ಟಿನ ಒಂದು ಎಚ್ಚರದ ಎಳೆಯನ್ನು ಮದರ್‌ಬೋರ್ಡಿಗೆ ಕೊಡುತ್ತಿರುತ್ತದೆ. ನೀವು ಗುಂಡಿ ಒತ್ತಿದಾಗ ಮದರ್‌ಬೋರ್ಡು ‘ಪೂರ್ತಿ ವಿದ್ಯುತ್ ಕೊಡು’ ಎಂದು ಎಸ್‌ಎಂಪಿಎಸ್‌ಗೆ ಸೂಚಿಸುತ್ತದೆ. ವೋಲ್ಟೇಜುಗಳೆಲ್ಲ ಸ್ಥಿರವಾದ ಮೇಲೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ಎಸ್‌ಎಂಪಿಎಸ್ ‘ಎಲ್ಲ ಸರಿಯಿದೆ’ ಎಂಬ ಸಂಕೇತ ಕಳಿಸುತ್ತದೆ. ಆಗಷ್ಟೇ ಪ್ರೊಸೆಸರ್ ಕಣ್ಣು ಬಿಡುತ್ತದೆ.

ಕಣ್ಣು ಬಿಟ್ಟ ಪ್ರೊಸೆಸರ್ ಮೊದಲು ಓದುವುದು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟಿರುವ ಬಯಾಸ್ ಎಂಬ ಚಿಕ್ಕ ತಂತ್ರಾಂಶವನ್ನು. ಅದು ಶಾಲೆಯ ಹಾಜರಿ ಪುಸ್ತಕದಂತೆ ಒಬ್ಬೊಬ್ಬರನ್ನೇ ಕೂಗುತ್ತದೆ: ರ‍್ಯಾಮ್ ಬಂದಿದೆಯೇ? ಪರದೆಗೆ ಚಿತ್ರ ಕೊಡುವ ಭಾಗ ಬಂದಿದೆಯೇ? ಕೀಲಿಮಣೆ? ಡಿಸ್ಕ್? ಈ ಸ್ವಪರೀಕ್ಷೆಯ ಪದ್ಧತಿ ಹೊಸದಲ್ಲ. 1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ಬಿಡುಗಡೆ ಮಾಡಿದ ಪರ್ಸನಲ್ ಕಂಪ್ಯೂಟರಿನಲ್ಲೂ ಇತ್ತು. ಪರೀಕ್ಷೆ ಮುಗಿದಾಗ ಅದು ಒಮ್ಮೆ ‘ಬೀಪ್’ ಎನ್ನುತ್ತಿತ್ತು. ಹಾಜರಿ ಮುಗಿದ ಮೇಲೆ ಬಯಾಸ್ ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸನ್ನು ಹುಡುಕಿ ಯಜಮಾನಿಕೆಯನ್ನು ಅದಕ್ಕೊಪ್ಪಿಸುತ್ತದೆ.

ಹೀಗಾಗಿ ‘ಏಳುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಒಂದು, ಜೀವವೇ ಇಲ್ಲ: ದೀಪವಿಲ್ಲ, ಫ್ಯಾನು ತಿರುಗುವುದಿಲ್ಲ. ಎರಡು, ಫ್ಯಾನು ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಮೂರು, ಪರದೆಯ ಮೇಲೆ ಅಕ್ಷರಗಳು ಬರುತ್ತವೆ, ಆದರೆ ವಿಂಡೋಸ್ ತೆರೆಯುವುದಿಲ್ಲ. ನಿಮ್ಮದು ಯಾವುದೆಂದು ಮೊದಲು ನಿರ್ಧರಿಸಿ.

ಜೀವವೇ ಇಲ್ಲದಾಗ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ಊರಿಗೆ ಕರೆಂಟಿದ್ದರೂ ನಿಮ್ಮ ಪ್ಲಗ್ ಪಾಯಿಂಟಿಗೆ ಬಾರದಿರಬಹುದು. ಅದೇ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಅಥವಾ ಟೇಬಲ್ ಲ್ಯಾಂಪ್ ಚುಚ್ಚಿ ನೋಡಿ. ಎಸ್‌ಎಂಪಿಎಸ್‌ನ ಹಿಂಬದಿಯಲ್ಲೂ ಒಂದು ಸಣ್ಣ ಸ್ವಿಚ್ ಇರುವುದುಂಟು. ಕೆಲಸ ಶುರು ಮಾಡುವಾಗ ಅದನ್ನು ಆರಿಸಿ, ಮುಗಿದ ಮೇಲೆ ಹಾಕಲು ಮರೆಯುವವರು ಬಹಳ ಮಂದಿ. ‘1’ ಎಂಬ ಗುರುತು ಒಳಕ್ಕೆ ಒತ್ತಿರಬೇಕು.

ಮುಂದಿನದು ಕ್ಯಾಬಿನೆಟ್ಟಿನ ಒಳಗೆ. ಮುಂಭಾಗದ ಗುಂಡಿಯಿಂದ ಮದರ್‌ಬೋರ್ಡಿನ ಮೂಲೆಗೆ ಎರಡು ತೆಳುವಾದ ತಂತಿಗಳು ಬರುತ್ತವೆ. ಕೂದಲಿನಂತಹ ಈ ತಂತಿಗಳು ಕೈ ತಾಗಿದರೆ ಕಳಚಿಬೀಳುತ್ತವೆ. ಇವು ಕಳಚಿದ್ದರೆ ನೀವು ಎಷ್ಟು ಒತ್ತಿದರೂ ಯಂತ್ರಕ್ಕೆ ಸುದ್ದಿ ಮುಟ್ಟುವುದೇ ಇಲ್ಲ. ಯಾವ ತಂತಿ ಯಾವ ಕಡ್ಡಿಗೆ ಎಂಬುದು ಮದರ್‌ಬೋರ್ಡಿನ ಕೈಪಿಡಿಯಲ್ಲಿರುತ್ತದೆ, ಹಲವು ಬೋರ್ಡುಗಳ ಮೇಲೆಯೇ ಅಚ್ಚಾಗಿಯೂ ಇರುತ್ತದೆ. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಳ್ಳುವುದು ಇದಕ್ಕಾಗಿಯೇ.

ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಬರುವ 24 ಕಡ್ಡಿಗಳ ಅಗಲ ಕನೆಕ್ಟರ್ ಪೂರ್ತಿ ಒಳಗೆ ಹೋಗಿ ಅದರ ಕೊಕ್ಕೆ ಕಚ್ಚಿಕೊಂಡಿದೆಯೇ ನೋಡಿ. ಪ್ರೊಸೆಸರಿನ ಹತ್ತಿರ 4 ಅಥವಾ 8 ಕಡ್ಡಿಗಳ ಇನ್ನೊಂದು ಕನೆಕ್ಟರ್ ಇದೆ. ಅದನ್ನು ಮರೆತರೆ ಪ್ರೊಸೆಸರಿಗೆ ಊಟವಿಲ್ಲ.

ಗುಂಡಿ ಒತ್ತಿದಾಗ ಫ್ಯಾನು ಅರೆಸುತ್ತು ತಿರುಗಿ ತಟ್ಟನೆ ನಿಂತರೆ ಒಳಗೆಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿರುವ ಸಂಭವವಿದೆ. ವಿದ್ಯುತ್ತು ಕಡಿಮೆ ರೋಧವಿರುವ ಅಡ್ಡದಾರಿ ಹಿಡಿದಾಗ ಪ್ರವಾಹ ವಿಪರೀತ ಏರುತ್ತದೆ ಎಂದು ಹತ್ತನೇ ತರಗತಿಯಲ್ಲಿ ಓದಿದ್ದೀರಿ. ಒಳ್ಳೆಯ ಎಸ್‌ಎಂಪಿಎಸ್ ಇದನ್ನು ಅರಿತು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಅದು ಕೆಟ್ಟಿದೆ ಎಂದಲ್ಲ, ಮನೆ ಕಾಯುತ್ತಿದೆ ಎಂದರ್ಥ. ಕೈಜಾರಿ ಬಿದ್ದ ತಿರುಪು ಮದರ್‌ಬೋರ್ಡಿನ ಅಡಿಯಲ್ಲಿ ಸೇರಿಕೊಂಡಿರಬಹುದು. ಬಿಚ್ಚಿದಾಗ ಎಷ್ಟು ತಿರುಪು, ಮುಚ್ಚುವಾಗ ಎಷ್ಟು ಎಂದು ಎಣಿಸುವ ಅಭ್ಯಾಸವಿದ್ದರೆ ಇದು ಕೂಡಲೇ ಗೊತ್ತಾಗುತ್ತದೆ.

ಫ್ಯಾನು ತಿರುಗುತ್ತದೆ, ಪರದೆ ಕಪ್ಪು

ರ‍್ಯಾಮ್ ಹಾಕಿದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ರ‍್ಯಾಮ್ ಹಲ್ಲೆಯು ತೋಡಿನಲ್ಲಿ ಒಂದು ಕೂದಲೆಳೆಯಷ್ಟು ಓರೆಯಾಗಿದ್ದರೂ ಸಂಪರ್ಕ ತಪ್ಪುತ್ತದೆ. ಹೊರತೆಗೆದು, ಎರಡೂ ತುದಿಗಳನ್ನು ಸಮನಾಗಿ ಒತ್ತಿ, ಬದಿಯ ಕೊಕ್ಕೆಗಳು ‘ಟಕ್’ ಎಂದು ತಾವಾಗಿಯೇ ಮುಚ್ಚಿಕೊಳ್ಳುವವರೆಗೆ ಕೂರಿಸಿ. ಹಳೆಯ ಹಲ್ಲೆಯ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನೆಲ್ಲ ಒರೆಸಿ ಮತ್ತೆ ಹಾಕಿ. ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ಕೂತ ಯಂತ್ರಗಳಲ್ಲಿ ಇದೊಂದರಿಂದಲೇ ಜೀವ ಬರುವುದುಂಟು.

ರ‍್ಯಾಮಿನಲ್ಲಿ ತಲೆಮಾರುಗಳಿವೆ. ಡಿಡಿಆರ್3ಕ್ಕೆ 240 ಸಂಪರ್ಕಗಳು, 1.5 ವೋಲ್ಟ್. ಡಿಡಿಆರ್4ಕ್ಕೆ 288 ಸಂಪರ್ಕಗಳು, 1.2 ವೋಲ್ಟ್. ಡಿಡಿಆರ್5ಕ್ಕೂ 288, ಆದರೆ 1.1 ವೋಲ್ಟ್. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದೇ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಕೊಟ್ಟಿದ್ದಾರೆ. ಕಚ್ಚು ಹೊಂದದಿದ್ದರೆ ಬಲ ಹಾಕಬೇಡಿ, ಅದು ನಿಮ್ಮ ಯಂತ್ರದ್ದಲ್ಲ. ಕೊಳ್ಳಲು ಹೋಗುವಾಗ ಹಳೆಯ ಹಲ್ಲೆಯನ್ನೇ ಒಯ್ದು ತೋರಿಸಿದರೆ ಈ ಪೇಚಾಟವಿಲ್ಲ. ಡಿಡಿಆರ್5 ಇರುವ ಹೊಸ ಯಂತ್ರಗಳು ರ‍್ಯಾಮ್ ಬದಲಾದ ಮೇಲೆ ಮೊದಲ ಸಲ ಅದನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಕೂರುತ್ತವೆ. ಅಷ್ಟರಲ್ಲಿ ಗಾಬರಿಯಾಗಿ ಆರಿಸಬೇಡಿ.

ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಪರದೆಯ ಕೇಬಲನ್ನು ಕಾರ್ಡಿಗೆ ಚುಚ್ಚಿದ್ದೀರಾ, ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿಗೇ ಚುಚ್ಚಿದ್ದೀರಾ ನೋಡಿ. ಕಾರ್ಡು ಕೂರುವ ತೋಡು ಕೊಡಬಲ್ಲ ವಿದ್ಯುತ್ತು 75 ವಾಟ್ ಮಾತ್ರ. ದೊಡ್ಡ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಬೇಕು: 6 ಕಡ್ಡಿಯದು ಇನ್ನೂ 75 ವಾಟ್, 8 ಕಡ್ಡಿಯದು 150 ವಾಟ್ ಒಯ್ಯುತ್ತದೆ. ಇಲ್ಲಿ ಮನೆಯ ಯುಪಿಎಸ್ಸಿನ ಲೆಕ್ಕವನ್ನೂ ಹಾಕಬೇಕು. 600 ವಿಎ ಎಂದು ಬರೆದಿರುವ ಸಣ್ಣ ಯುಪಿಎಸ್‌ಗಳಲ್ಲಿ ಹೆಚ್ಚಿನವು ಹೊರಬಲ್ಲ ಭಾರ 360 ವಾಟ್ ಮಾತ್ರ. ಎತ್ತಿನ ಗಾಡಿಗೆ ಲಾರಿಯ ಹೇರು ಹೇರಿದರೆ ಕೀಲು ಮುರಿಯುವುದು ಸಹಜ.

ಯಂತ್ರವೇ ಕೊಡುವ ಸುಳಿವುಗಳನ್ನು ಕೇಳಿಸಿಕೊಳ್ಳಿ. ಒಂದು ಚಿಕ್ಕ ಬೀಪ್ ಎಂದರೆ ಸಾಮಾನ್ಯವಾಗಿ ಕ್ಷೇಮ. ಬಿಟ್ಟು ಬಿಟ್ಟು ಬರುವ ಬೀಪ್‌ಗಳು ರ‍್ಯಾಮ್ ಅಥವಾ ಗ್ರಾಫಿಕ್ಸಿನ ದೂರು. ಎಷ್ಟು ಬೀಪ್‌ಗೆ ಏನರ್ಥ ಎಂಬುದು ಬಯಾಸ್ ತಯಾರಕರಿಂದ ತಯಾರಕರಿಗೆ ಬೇರೆ, ಆದ್ದರಿಂದ ಎಣಿಸಿ ಬರೆದುಕೊಂಡು ಕೈಪಿಡಿಯಲ್ಲಿ ನೋಡಿ. ಹೊಸ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುವುದುಂಟು. ಯಾವುದು ಉರಿದೇ ನಿಂತಿತೋ ಹಾಜರಿ ಅಲ್ಲಿಗೆ ನಿಂತಿದೆ.

ಇದಾವುದರಿಂದಲೂ ಆಗದಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿಯತ್ತ ಬನ್ನಿ. ಸಿಆರ್2032 ಎಂಬ ಹೆಸರಿನ ಈ 3 ವೋಲ್ಟಿನ ಬ್ಯಾಟರಿ ಗಡಿಯಾರವನ್ನೂ, ಬಯಾಸ್ ಹೊಂದಿಕೆಗಳನ್ನೂ ಕಾಯುತ್ತದೆ. ಪ್ಲಗ್ ಬಿಡಿಸಿ, ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಮರಳಿ ಹಾಕಿದರೆ ಹೊಂದಿಕೆಗಳು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳುತ್ತವೆ. ಡಿಸ್ಕಿನಲ್ಲಿರುವ ಫೋಟೊ, ಪಾಠಗಳಿಗೆ ಇದರಿಂದ ಏನೂ ಆಗದು. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ರಿಕವರಿ ಕೀ ಮೊದಲೇ ಕೈಯಲ್ಲಿರಲಿ. ಎದ್ದ ಮೇಲೆ ತಾರೀಕು ಸರಿಪಡಿಸಿ. ತಪ್ಪು ತಾರೀಕಿದ್ದರೆ ಅನೇಕ ಜಾಲತಾಣಗಳು ತೆರೆಯುವುದೇ ಇಲ್ಲ. ಹೊರತೆಗೆದ ಬ್ಯಾಟರಿ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳವನ್ನೇ ಸುಡಬಲ್ಲ ಅಪಾಯದ ವಸ್ತು ಅದು.

ಅಕ್ಷರ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಇದು ಮೂರರಲ್ಲಿ ಸಣ್ಣ ಕಾಯಿಲೆ. ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಅರ್ಥದ ಸಾಲು ಪರದೆಯಲ್ಲಿದ್ದರೆ ಬಯಾಸ್‌ಗೆ ಡಿಸ್ಕ್ ಕಾಣುತ್ತಿಲ್ಲ, ಅಥವಾ ತಪ್ಪು ಡಿಸ್ಕಿನಲ್ಲಿ ಹುಡುಕುತ್ತಿದೆ. ಸಾಟಾ ಮಾದರಿಯ ಡಿಸ್ಕಿಗೆ ಎರಡು ಕೇಬಲ್‌ಗಳು: ಒಂದು ವಿದ್ಯುತ್ತಿಗೆ, ಒಂದು ಮಾಹಿತಿಗೆ. ಎರಡೂ ಬಿಗಿಯಾಗಿರಬೇಕು. ಹೊಸ ಖಾಲಿ ಎಸ್‌ಎಸ್‌ಡಿ ಹಾಕಿದಾಗ ಬಯಾಸ್ ಅದನ್ನೇ ಮೊದಲ ಡಿಸ್ಕೆಂದು ತಿಳಿದಿರಬಹುದು. ಬೂಟ್ ಕ್ರಮದಲ್ಲಿ ಹಳೆಯದನ್ನು ಮೇಲಕ್ಕೆ ತನ್ನಿ. ಬ್ಯಾಟರಿ ತೆಗೆದಿದ್ದರೆ ಲೆಗಸಿ, ಯುಇಎಫ್ಐ ಎಂಬ ಬೂಟ್ ವಿಧಾನವೂ ಬದಲಾಗಿರಬಹುದು. ಕೆಲವು ಬೋರ್ಡುಗಳಲ್ಲಿ ಎಂ.2 ಮಾದರಿಯ ಎಸ್‌ಎಸ್‌ಡಿ ಹಾಕಿದರೆ ಒಂದು ಸಾಟಾ ಕಿಂಡಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಹಳೆಯ ಡಿಸ್ಕು ‘ಮಾಯ’ವಾಗುತ್ತದೆ. ಕಿಂಡಿ ಬದಲಿಸಿದರೆ ಮತ್ತೆ ಪ್ರತ್ಯಕ್ಷ.

ಈ ಹಂತದಲ್ಲಿ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬ ಸಲಹೆ ಯಾರಿಂದಲಾದರೂ ಬಂದರೆ ಒಪ್ಪಬೇಡಿ. ಯಂತ್ರದ ಭಾಗಗಳು ಅಂಗಡಿಯಲ್ಲಿ ಸಿಗುತ್ತವೆ, ಡಿಸ್ಕಿನಲ್ಲಿರುವ ಅಜ್ಜಿಯ ಫೋಟೊ ಸಿಗುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ

ಪ್ರಯೋಗಶಾಲೆಯಲ್ಲಿ ಒಂದು ಪ್ರಯೋಗ ಮಾಡುವಾಗ ಎಲ್ಲ ಅಂಶಗಳನ್ನೂ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸುತ್ತೇವೆ. ಇಲ್ಲೂ ಅದೇ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿ ಯಂತ್ರ ಎದ್ದರೆ ಯಾವುದರಿಂದ ಎದ್ದಿತೆಂದು ತಿಳಿಯುವುದಿಲ್ಲ, ನಾಳೆ ಮತ್ತೆ ಮಲಗಿದರೆ ಮೊದಲಿನಿಂದ ಶುರು.

ನಮ್ಮ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮನೆಯಲ್ಲಿ ಎರಡನೇ ಪಿಯುಸಿ ಓದುವ ಮಗಳಿದ್ದಾಳೆ. ಹಳೆಯ 4 ಜಿಬಿ ರ‍್ಯಾಮಿನ ಜೊತೆಗೆ ಇನ್ನೊಂದು 4 ಜಿಬಿ ತರಿಸಿ ಹಾಕಿದಳು, ಪರದೆ ಕಪ್ಪಾಯಿತು. ಅಂಗಡಿಯವರು ಯಂತ್ರವನ್ನು ನೋಡದೆ ಫೋನಿನಲ್ಲೇ ‘ಬೋರ್ಡ್ ಹೋಗಿರುತ್ತೆ, ಹೊಸ ಸೆಟ್ಟೇ ತಗೊಳ್ಳಿ’ ಎಂದರು. ಅಪ್ಪನ ಲೆಕ್ಕದಲ್ಲಿ ಅದು ಮಗಳ ಮುಂದಿನ ವರ್ಷದ ಕಾಲೇಜು ಶುಲ್ಕದ ದುಡ್ಡು. ‘ಓದೋದು ಬಿಟ್ಟು ಯಾಕಮ್ಮ ಬೇಕಿತ್ತು ನಿನಗೆ ಇದೆಲ್ಲ’ ಎಂದು ಅವರು ನೊಂದುಕೊಂಡರು. ಹುಡುಗಿ ಅಳಲಿಲ್ಲ, ಒಂದು ಹಾಳೆಯಲ್ಲಿ ನಾಲ್ಕು ಮನೆಗಳ ಕೋಷ್ಟಕ ಗೀಚಿದಳು. ಹಳೆಯ ಹಲ್ಲೆ ಮೊದಲನೇ ತೋಡಿನಲ್ಲಿ: ಎದ್ದಿತು. ಹಳೆಯದು ಎರಡನೇ ತೋಡಿನಲ್ಲಿ: ಎದ್ದಿತು. ಹೊಸದು ಮೊದಲನೆಯದರಲ್ಲಿ: ಏಳಲಿಲ್ಲ. ಹೊಸದು ಎರಡನೆಯದರಲ್ಲಿ: ಏಳಲಿಲ್ಲ.

ಬೋರ್ಡಿನ ಎರಡೂ ತೋಡುಗಳು ನಿರ್ದೋಷಿಗಳು. ಹೊಸ ಹಲ್ಲೆ ಇದ್ದಲ್ಲೆಲ್ಲ ದೋಷವಿದೆ, ಅದು ಇಲ್ಲದಲ್ಲಿ ದೋಷವಿಲ್ಲ. ನಮ್ಮ ಹಳೆಯ ತರ್ಕಶಾಸ್ತ್ರ ಇದನ್ನೇ ಅನ್ವಯ - ವ್ಯತಿರೇಕ ಎನ್ನುತ್ತದೆ. ಉಡುತಡಿಗೆ ಸಮೀಪದ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವ್ಯಾಕರಣ, ನ್ಯಾಯ ಮೊದಲಾದ ಶಾಸ್ತ್ರಗಳ ವ್ಯಾಸಂಗ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಎಂಟೂವರೆ ಶತಮಾನಗಳ ಮೇಲೆ ಅದೇ ನೆಲದ ಹುಡುಗಿಯೊಬ್ಬಳು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಮಾಡಿದ್ದೂ ನ್ಯಾಯದ ತೀರ್ಮಾನವೇ. ಹಾಳೆಯನ್ನು ತೋರಿಸಿದಾಗ ಅಂಗಡಿಯವರು ಮರುಮಾತಾಡದೆ ರ‍್ಯಾಮ್ ಬದಲಿಸಿ ಕೊಟ್ಟರು. ಉಳಿದದ್ದು ಸಾವಿರಾರು ರೂಪಾಯಿ, ಜೊತೆಗೆ ಮಗಳ ಮೇಲಿನ ಅಪ್ಪನ ವಿಶ್ವಾಸ.

ಇದೇ ಕೋಷ್ಟಕದಲ್ಲಿ ಎರಡೂ ಹಲ್ಲೆಗಳು ಎರಡನೇ ತೋಡಿನಲ್ಲಿ ಮಾತ್ರ ಸೋತಿದ್ದರೆ ತೋಡು ಕೆಟ್ಟಿದೆ ಎಂದಾಗುತ್ತಿತ್ತು. ಬಿಡಿಬಿಡಿಯಾಗಿ ನಾಲ್ಕೂ ಸಲ ಎದ್ದು, ಜೊತೆಯಾಗಿ ಹಾಕಿದಾಗ ಮಾತ್ರ ಏಳದಿದ್ದರೆ ಎರಡು ಹಲ್ಲೆಗಳಿಗೆ ಜಾತಕ ಕೂಡಿಲ್ಲ ಎಂದರ್ಥ.

ರ‍್ಯಾಮ್ ಅಲ್ಲದೆ ಬೇರೆ ಭಾಗಗಳ ಮೇಲೆ ಸಂಶಯವಿದ್ದರೆ ಯಂತ್ರವನ್ನು ಕನಿಷ್ಠಕ್ಕೆ ಇಳಿಸಿ: ಎಸ್‌ಎಂಪಿಎಸ್, ಮದರ್‌ಬೋರ್ಡು, ಫ್ಯಾನಿನೊಂದಿಗೆ ಪ್ರೊಸೆಸರ್, ಒಂದೇ ರ‍್ಯಾಮ್, ಪರದೆ. ಡಿಸ್ಕು, ಪ್ರಿಂಟರು, ಪೆನ್‌ಡ್ರೈವ್ ಎಲ್ಲ ಹೊರಗೆ. ಪ್ರೊಸೆಸರಿನಲ್ಲಿ ಚಿತ್ರ ಕೊಡುವ ಭಾಗವಿಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಇಷ್ಟರಲ್ಲಿ ಎದ್ದರೆ ಒಂದೊಂದನ್ನೇ ಸೇರಿಸುತ್ತ ಹೋಗಿ. ಯಾವುದನ್ನು ಸೇರಿಸಿದಾಗ ಮಲಗಿತೋ ಅಲ್ಲಿ ಸಿಕ್ಕಿಬಿತ್ತು.

ನಮ್ಮ ಹವೆ, ನಮ್ಮ ಇರುವೆ

ಪುಸ್ತಕಗಳಲ್ಲಿ ಬರೆಯದ ಕೆಲವು ಶತ್ರುಗಳು ನಮ್ಮ ಅರೆಮಲೆನಾಡಿನಲ್ಲಿವೆ. ಮೊದಲನೆಯದು ಇರುವೆ, ಹಲ್ಲಿ, ಜಿರಲೆ. ಬೆಚ್ಚಗಿರುವ ಎಸ್‌ಎಂಪಿಎಸ್ ಅವುಗಳಿಗೆ ಮಳೆಗಾಲದ ಬಿಡಾರ. ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡಿನ ಮಾರ್ಕ್ 2 ಗಣಕಯಂತ್ರ ತಪ್ಪು ಮಾಡತೊಡಗಿದಾಗ ರಿಲೇಯೊಂದರಲ್ಲಿ ಸಿಕ್ಕಿದ್ದು ಒಂದು ಪತಂಗ. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ದೋಷಕ್ಕೆ ‘ಬಗ್’ ಎಂಬ ಹೆಸರು ಇಂಜಿನಿಯರುಗಳಲ್ಲಿ ಅದಕ್ಕೂ ಮೊದಲೇ ಇತ್ತಾದರೂ, ನಿಜವಾದ ಹುಳುವೇ ಸಿಕ್ಕಿಬಿದ್ದ ಕತೆ ಪ್ರಸಿದ್ಧವಾಯಿತು.

ಎರಡನೆಯದು ಸ್ಥಿರವಿದ್ಯುತ್. ಚಳಿಗಾಲದ ಒಣಹವೆಯಲ್ಲಿ ಸಿಂಥೆಟಿಕ್ ಬಟ್ಟೆ ತೊಟ್ಟು ಓಡಾಡಿದಾಗ ಮೈಯಲ್ಲಿ ಸಾವಿರಾರು ವೋಲ್ಟ್ ಶೇಖರವಾಗುತ್ತದೆ. ಸುಮಾರು 3000 ವೋಲ್ಟ್ ಆಗುವವರೆಗೆ ನಮಗೆ ಚುರುಕು ತಿಳಿಯುವುದಿಲ್ಲ, ಆದರೆ ಚಿಪ್ಪುಗಳಿಗೆ ಅದಕ್ಕಿಂತ ಬಹಳ ಕಡಿಮೆಯೂ ಹೆಚ್ಚೇ. ಕೆಲಸ ಮಾಡುವಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಆಗಾಗ ಮುಟ್ಟುತ್ತಿರಿ, ಹಲ್ಲೆಗಳನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ಮೂರನೆಯದು ಅರ್ಥಿಂಗ್. ಚಾಲೂ ಇರುವ ಕ್ಯಾಬಿನೆಟ್ಟನ್ನು ಮುಟ್ಟಿದಾಗ ಜುಮ್ಮೆಂದರೆ ‘ಸ್ವಲ್ಪ ಕರೆಂಟು ಬರ್ತದೆ, ಪರವಾಗಿಲ್ಲ’ ಎನ್ನಬೇಡಿ. ಎಸ್‌ಎಂಪಿಎಸ್‌ನಲ್ಲಿ ಗದ್ದಲ ಸೋಸುವ ಕೆಪಾಸಿಟರ್‌ಗಳಿವೆ. ಅರ್ಥಿಂಗ್ ಇಲ್ಲದಿದ್ದರೆ ಅವುಗಳ ಮೂಲಕ 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್ ಕ್ಯಾಬಿನೆಟ್ಟಿನ ಮೇಲೆ ಕೂರುತ್ತದೆ. ಪ್ರವಾಹ ಅಲ್ಪವಾದ್ದರಿಂದ ಜುಮ್ಮೆನ್ನುತ್ತದೆ ಅಷ್ಟೆ. ಆದರೆ ನಾಳೆ ಒಳಗೆ ನಿಜವಾದ ಸೋರಿಕೆಯಾದರೆ ಕಾಯುವವರಿಲ್ಲ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿ ಮುರಿದು ಬಳಸುವುದನ್ನು ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಗುಂಡಿಯನ್ನು ಪರೀಕ್ಷಿಸಿ.

ಇನ್ನು ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು. ಮೋಡ ಕವಿದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಎಳೆಯಬೇಕು. ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರನ್ನೂ ಬಿಡಿಸಬೇಕು.

ಇವಕ್ಕೆ ಕೈ ಹಾಕಬೇಡಿ

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. 230 ವೋಲ್ಟ್ ಎನ್ನುವುದು ಸರಾಸರಿಯ ಒಂದು ಲೆಕ್ಕ. ಅದರ ಶೃಂಗಬೆಲೆ 230ನ್ನು 1.414ರಿಂದ ಗುಣಿಸಿದಷ್ಟು, ಅಂದರೆ ಸುಮಾರು 325 ವೋಲ್ಟ್. ಪೆಟ್ಟಿಗೆಯೊಳಗಿನ ದೊಡ್ಡ ಕೆಪಾಸಿಟರ್ ಈ ಮಟ್ಟಕ್ಕೆ ತುಂಬಿಕೊಂಡಿದ್ದು, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇರಬಲ್ಲದು. ಅಟ್ಟದ ಮೇಲಿರುವ ಹಳೆಯ ಗಾಜಿನ ಕೊಳವೆಯ ಮಾನಿಟರ್ ಇದಕ್ಕಿಂತಲೂ ಅಪಾಯ. ಸುಟ್ಟ ವಾಸನೆ ಬಂದರೆ, ಕಿಡಿ ಕಂಡರೆ, ಕೆಪಾಸಿಟರಿನ ತಲೆ ಉಬ್ಬಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಪ್ರೊಸೆಸರನ್ನು ಕಾರಣವಿಲ್ಲದೆ ಎತ್ತಬೇಡಿ. ಕೂದಲಿನಂಥ ಕಡ್ಡಿಯೊಂದು ಬಾಗಿದರೂ ನಷ್ಟ ದೊಡ್ಡದು.

ಅಂಗಡಿಗೆ ಒಯ್ಯುವುದೇ ಆದರೆ ನಿಮ್ಮ ಹಾಳೆಯನ್ನೂ ಒಯ್ಯಿರಿ: ಏನು ಹಾಕಿದಿರಿ, ಯಾವ ಲಕ್ಷಣ, ಎಷ್ಟು ಬೀಪ್, ಏನೇನು ಪರೀಕ್ಷಿಸಿದಿರಿ. ಡಿಸ್ಕನ್ನು ಬಿಡಿಸಿ ಮನೆಯಲ್ಲೇ ಇಟ್ಟುಕೊಳ್ಳಬಹುದಾದರೆ ಒಳ್ಳೆಯದು. ‘ಬೋರ್ಡ್ ಹೋಗಿದೆ’ ಎಂದರೆ, ಕೆಲಸ ಮಾಡುವುದೆಂದು ಗೊತ್ತಿರುವ ಬೇರೆ ಎಸ್‌ಎಂಪಿಎಸ್, ಬೇರೆ ರ‍್ಯಾಮ್ ಹಾಕಿ ನಿಮ್ಮೆದುರು ತೋರಿಸುವಂತೆ ವಿನಯದಿಂದ ಕೇಳಿ. ಬದಲಿಸಿದ ಹಳೆಯ ಭಾಗವನ್ನೂ, ಬಿಲ್ಲನ್ನೂ, ವಾರಂಟಿ ಚೀಟಿಯನ್ನೂ ಪಡೆದುಕೊಳ್ಳಿ. ಹೊಸ ಪ್ರೊಸೆಸರ್ ಹಾಕಿದ್ದರೆ ಹಳೆಯ ಬಯಾಸ್ ಅದನ್ನು ಗುರುತಿಸದಿರಬಹುದು. ಬಯಾಸ್ ನವೀಕರಣ ಮಾತ್ರ ತಿಳಿದವರ ಕೈಯಲ್ಲೇ ಆಗಲಿ. ಅದರ ನಡುವೆ ಕರೆಂಟು ಹೋದರೆ ನಿಜವಾಗಿಯೂ ಬೋರ್ಡು ಹೋದೀತು.

ಹೆತ್ತವರಿಗೆ ಎರಡು ಮಾತು

ಮಗ ಅಥವಾ ಮಗಳು ಯಂತ್ರ ಬಿಚ್ಚಿದ್ದಕ್ಕೆ ಬೈಯುವ ಮೊದಲು, ಯಾವ ಕ್ರಮದಲ್ಲಿ ಬಿಚ್ಚಿದೆ ಎಂದು ಕೇಳಿ. ಉತ್ತರ ಹೇಳಬಲ್ಲವರಾದರೆ ಅವರು ಕೆಡಿಸುವವರಲ್ಲ, ಕಲಿಯುತ್ತಿರುವವರು. ಹೇಳಲಾಗದಿದ್ದರೆ ಕ್ರಮವನ್ನು ಕಲಿಸಬೇಕಾಗಿದೆ, ಕೈ ಕಟ್ಟಿಹಾಕಬೇಕಾಗಿಲ್ಲ. ಬೈಗುಳಕ್ಕೆ ಹೆದರಿದ ಮಗು ಮುಂದಿನ ಸಲ ತಾನು ಏನು ಮುಟ್ಟಿದೆ ಎಂಬುದನ್ನೇ ಮುಚ್ಚಿಡುತ್ತದೆ. ಆಗ ದೋಷ ಹುಡುಕುವುದು ಯಾವ ತಜ್ಞನಿಗೂ ಕಷ್ಟ. ಪಂಪ್‌ಸೆಟ್ಟು ನೀರೆತ್ತದಿದ್ದಾಗ ಫ್ಯೂಸು, ಸ್ಟಾರ್ಟರು, ಫುಟ್‌ವಾಲ್ವು ಎಂದು ನೀವು ಒಂದೊಂದಾಗಿ ನೋಡುತ್ತ ಹೋಗುವುದಿಲ್ಲವೇ? ನಿಮ್ಮ ಮಕ್ಕಳು ಮಾಡಬೇಕಾದದ್ದೂ ಅದನ್ನೇ. ಆ ವಿದ್ಯೆ ನಿಮ್ಮ ಕೈಯಲ್ಲಿ ಆಗಲೇ ಇದೆ. ಮುಂದಿನ ಸಲ ಕ್ಯಾಬಿನೆಟ್ಟು ಬಿಚ್ಚುವಾಗ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯಿರಿ, ತಿರುಪುಗಳನ್ನು ಎಣಿಸಿಕೊಡಿ.